ವಿಂಕ್ರಿಸ್ಟಿನಮ್ಮ

"ಮೊದ್ಲು ಅರ್ಥ ಹೇಳು. ಆಮೇಲೆ ರೈಲು," ಎಂದು ಗುರುಶಾಂತಮ್ಮ ಗೋಡೆಗೆ ಒರಗಿ ಕೂತುಬಿಟ್ಟರು.

ಟ್ರಂಕಿನ ಚಿಲಕ ಹಾಕುತ್ತಿದ್ದ ಪಂಚಾಕ್ಷರಪ್ಪ ಬಗ್ಗಿದವನು ಬಗ್ಗಿದಂತೆಯೇ ಉಳಿದ. ನಾಳೆ ಬೆಳಿಗ್ಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ತಾಯಿಗೆ ಮತ್ತೊಂದು ಸೂಜಿ ಬೀಳಬೇಕು. ತಪ್ಪಿದರೆ ಕತ್ತಿನ ಗಂಟುಗಳು ಮತ್ತೆ ಏಳುತ್ತವೆಂದು ಡಾಕ್ಟರು ಅವನೊಬ್ಬನಿಗೇ ಹೇಳಿದ್ದರು.

ಆ ಗಂಟಿನ ಹೆಸರನ್ನು ಅಜ್ಜಂಪುರದ ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಹಾವನ್ನು ಹುಳ ಎನ್ನುವಂತೆ, ರೋಗದ ಹೆಸರು ಬರಬೇಕಾದಲ್ಲೆಲ್ಲ ಔಷಧದ ಹೆಸರು ಹೇಳುತ್ತಿದ್ದರು. "ಗುರುಶಾಂತಮ್ಮೋರಿಗೆ ಏನಾಗಿದೆ?" "ವಿಂಕ್ರಿಸ್ಟಿನ್ ಆಗಿದೆ." ಕೇಳಿದವರು ಲೊಚಗುಟ್ಟಿ, ಯಾವುದಕ್ಕೂ ಇರಲೆಂದು ಮನೆಗೆ ಹೋಗಿ ಕೈಕಾಲು ತೊಳೆದುಕೊಳ್ಳುತ್ತಿದ್ದರು.

ಪಕ್ಕದ ಮನೆಯ ಕರಿಬಸಮ್ಮ ಅದಕ್ಕೊಂದು 'ಅಮ್ಮ' ಸೇರಿಸಿದ್ದಳು. ಸಿಡುಬಿಗೆ, ದಡಾರಕ್ಕೆ ಸಲ್ಲುತ್ತಿದ್ದ ಮರ್ಯಾದೆ ಇದೊಂದಕ್ಕೇಕೆ ತಪ್ಪಬೇಕು? ಹೋದ ಶುಕ್ರವಾರ ವಿಂಕ್ರಿಸ್ಟಿನಮ್ಮನಿಗೆ ಮೊಸರನ್ನದ ಎಡೆಯಾಯಿತು. ಎಡೆ ತಿಂದ ಬೀದಿನಾಯಿ ಸಂಜೆಯವರೆಗೂ ಬಾಲ ಅಲ್ಲಾಡಿಸಿದ್ದರಿಂದ ದೇವಿ ಶಾಂತಳಾಗಿದ್ದಾಳೆಂದು ಬೀದಿ ತೀರ್ಮಾನಿಸಿತ್ತು.

"ಅರ್ಥ ಯಾಕವ್ವಾ? ಕೆಲಸ ಮಾಡ್ತಿದೆಯಲ್ಲ," ಎಂದ ಪಂಚಾಕ್ಷರಪ್ಪ.

"ಏನ್ ಮಾಡ್ತು? ಕೂದ್ಲು ಹೋಯ್ತು. ಹೋಗ್ಲಿ, ಎಣ್ಣೆ ಉಳೀತು. ಈಗ ಬೆರಳೆಲ್ಲ ಜೋಮು. ಅಂಗೈ ಮೇಲೆ ಲಿಂಗ ಇಟ್ಕೊಂಡ್ರೆ ಇದೆಯೋ ಇಲ್ವೋ ಗೊತ್ತಾಗಲ್ಲ ಕಣೋ. ಪೂಜೆ ನಡುವೆ ಕಣ್ಬಿಟ್ಟು ನೋಡ್ಕೋಬೇಕು, ಕಳ್ಳೀ ಥರ." ಅವರು ತಮ್ಮ ಎಡ ಅಂಗೈಯನ್ನೇ ನೋಡಿಕೊಂಡರು. "ನಿಂಗೆ ಹೆಸರಿಡುವಾಗ ಅಯ್ನೋರ ಹತ್ರ ಅರ್ಥ ಕೇಳಿ ಇಟ್ಟೋಳು ನಾನು. ಮೈಯೊಳಕ್ಕೆ ಬರೋದು ಯಾರೂ ಅಂತ ಕೇಳ್ಬಾರ್ದಾ? ಹೇಳ್ದಿದ್ರೆ ನಾನ್ ಬರಲ್ಲ."

ಪಂಚಾಕ್ಷರಪ್ಪ ಕಡೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲೆಕ್ಚರರು. ಗೊತ್ತಿಲ್ಲ ಎನ್ನುವ ಭಾಗ್ಯ ಅವನಿಗಿರಲಿಲ್ಲ. ಆ ಹೆಸರಿನ ಮೊದಲ ತುಂಡು ಒಂದು ಗಿಡದ ಲ್ಯಾಟಿನ್ ಹೆಸರು: ವಿಂಕಾ. ಊರಾಚೆ ಅವರ ಮನೆತನದ ಗೋರಿಗಳ ಸಂದಿನಲ್ಲಿ, ಯಾರೂ ನೆಡದೆ ಯಾರೂ ನೀರು ಹೊಯ್ಯದೆ ವರ್ಷವಿಡೀ ತಿಳಿಗೆಂಪಾಗಿ ಅರಳುವ ಗೋರಿ ಹೂವೇ ಅದು. ದನ ಅದನ್ನು ಮೂಸದು, ಹೆಂಗಸರು ಮುಡಿಯರು, ಲಿಂಗಕ್ಕೆ ಏರಿಸುವ ಮಾತಂತೂ ಇಲ್ಲ. ಅದೇ ಗಿಡದ ಸತ್ವ ತಾಯಿಯ ನರಗಳಲ್ಲಿ ಹರಿಯುತ್ತಿತ್ತು. ಅಪ್ಪನನ್ನು ಮಣ್ಣು ಮಾಡಿದ ಜಾಗದಲ್ಲಿ ಆ ಹೂವನ್ನು ಕಂಡಾಗ ಅವನಿಗೆ ತಟ್ಟನೆ ನೆನಪಾದದ್ದು ಅದು ಸೇರಿದ ಸಸ್ಯಕುಟುಂಬ. ಅಳು ಬರಲಿಲ್ಲ.

"ಕಟ್ಟೋದು ಅಂತ ಅರ್ಥ. ಲ್ಯಾಟಿನ್‌ನಲ್ಲಿ," ಎಂದ.

"ಏನನ್ನ? ಲಿಂಗಾನೋ, ಎಮ್ಮೇನೋ?"

"ಎಮ್ಮೆ ಕಟ್ಟಕ್ಕೆ ಬೆಂಗ್ಳೂರ್‌ಗೆ ಯಾಕ್ ಹೋಗ್ಬೇಕು?" ಬಾಗಿಲಲ್ಲಿ ನಿಂತಿದ್ದ ಕರಿಬಸಮ್ಮ ಕೇಳಿದಳು. "ನಮ್ ಕೊಟ್ಟಿಗೇಲೇ ಹಗ್ಗ ಇತ್ತಲ್ಲ."

"ಒಂದು ಹೂವಿನ ಹೆಸರೂ ಹೌದು." ಬಾಯಿ ಜಾರಿತ್ತು.

"ಯಾವ ಹೂವು?"

"ಮಡಗಾಸ್ಕರ್ ಅಂತ ಒಂದು ದ್ವೀಪ. ಅಲ್ಲೀದು. ಸದಾ ಅರಳಿರುತ್ತೆ."

"ಇಲ್ಲಿ ಬಿಡಲ್ವೇನೋ?"

"ರೈಲಿಗೆ ಹೊತ್ತಾಯ್ತು."

ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ. ಅವನಿಗೆ ಹೇಸಿಗೆಯಾದದ್ದೇ ಅದಕ್ಕೆ.

ಗುರುಶಾಂತಮ್ಮನ ಮುಖ ಮಾತ್ರ ಬೆಳಗಿತು. "ಸದಾ ಅರಳಿರೋದು! ಇಷ್ಟು ಹೇಳಕ್ಕೆ ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ಯಾ?" ಎಂದು ಸೆರಗು ಸರಿಮಾಡಿಕೊಂಡು ಎದ್ದರು. ಕರಿಬಸಮ್ಮ ನಿಟ್ಟುಸಿರಿಟ್ಟಳು. "ಹೂವಿನ ದೇವೀನಾ? ಸದ್ಯ! ಮಾಂಸದ ಎಡೆ ಕೇಳೋಳೇನೋ ಅಂತ ಎದೆ ಹೊಡ್ಕೊಂತಿತ್ತು ಕಣ್ರೀ."

ಜಟಕಾ ಸ್ಟೇಷನ್ ಮುಟ್ಟುವಷ್ಟರಲ್ಲಿ ಸುದ್ದಿ ಜಟಕಾಕ್ಕಿಂತ ಮುಂದಿತ್ತು. ಟ್ರಂಕು ಇಳಿಸುತ್ತ ದಾವೂದ್ ಸಾಬ್ ಮೆಲ್ಲಗೆ ಕೇಳಿದ, "ಸಾರ್, ನಮ್ ಕುದುರೆಗೂ ಕತ್ತಲ್ಲಿ ಒಂದ್ ಗಂಟಾಗೈತೆ. ಆ ಹೂವು ಸಿಕ್ರೆ ಒಂದೆರಡು ತತ್ತೀರಾ?"

"ನೋಡೋಣ," ಎಂದ ಪಂಚಾಕ್ಷರಪ್ಪ. ಹತ್ತು ಮಾರು ದೂರದಲ್ಲಿ ಅದೇ ಹೂವು ಬಿಟ್ಟಿದ್ದ ಬೇಲಿಯ ಕಡೆ ಕಣ್ಣೆತ್ತಲಿಲ್ಲ.

ಬೀರೂರು ಬರುವ ಹೊತ್ತಿಗೆ ಸಂಜೆಯಾಗಿತ್ತು. ಗುರುಶಾಂತಮ್ಮ ಸೀಟಿನ ಮೇಲೆ ಕಾಲು ಮಡಿಸಿ ಕೂತು, ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಗೆ ಇಟ್ಟುಕೊಂಡರು. ವಿಭೂತಿ ಹಚ್ಚಿದರು. "ಅಯ್ಯೋ, ಹೂವೇ ಮರ್ತೆ. ಒಂದು ನೋಡೋ."

ಪ್ಲಾಟ್‌ಫಾರ್ಮಿನಲ್ಲಿ ವಡೆ ಇತ್ತು, ಕಿತ್ತಳೆ ಇತ್ತು, ಹೂವಿರಲಿಲ್ಲ. ಕೊನೆಯಲ್ಲಿ, ಸುಣ್ಣ ಬಳಿದ ಕಲ್ಲುಗಳ ನಡುವೆ, ರೈಲ್ವೆಯವರ ಪುಟ್ಟ ತೋಟ. ಎಲ್ಲ ಒಣಗಿ ಒಂದೇ ಒಂದು ಜಾತಿಯ ಹೂವು ತಿಳಿಗೆಂಪಾಗಿ ನಗುತ್ತಿತ್ತು. ಅವನು ನೋಡುತ್ತ ನಿಂತ. ಗಾರ್ಡು ಸೀಟಿ ಊದಿದ. ಒಂದನ್ನು ಕಿತ್ತುಕೊಂಡು ಓಡಿದ.

ತಾಯಿ ಹೂವನ್ನು ಕಣ್ಣ ಹತ್ತಿರ ಹಿಡಿದರು.

"ಇದೇನಾ ಮಡಗಾಸ್ಕರದ್ದು?"

"ಹೂಂ. ರೈಲ್ವೆಯೋರು ತರಿಸಿರ್ಬೇಕು."

"ಹಂಗಾದ್ರೆ ನಿಮ್ಮಪ್ಪನ ಗೋರಿಗೂ ರೈಲ್ವೆಯೋರೇ ತರಿಸಿ ಹಾಕಿದ್ರೇನೋ!" ಗುರುಶಾಂತಮ್ಮ ಬಾಯ್ತುಂಬ ನಕ್ಕರು. ಅವನು ಕಿಟಕಿಯ ಕಡೆ ತಿರುಗಿದ. ತಾಯಿ ಈಗ ರೈಲಿನಿಂದ ಇಳಿದುಬಿಡುತ್ತಾರೆ ಎಂದುಕೊಂಡ. ನಗು ನಿಂತ ಮೇಲೆ ಅವರು ಹೂವನ್ನು ಲಿಂಗದ ಮೇಲಿಟ್ಟು ಕಣ್ಣು ಮುಚ್ಚಿದರು.

ರೈಲು ಜಗ್ಗಿ ಹೊರಟಿತು. ಆ ಜಗ್ಗಿಗೆ ಲಿಂಗ ಅಂಗೈಯಿಂದ ಜಾರಿ ಮಡಿಲ ಸೀರೆಯ ನೆರಿಗೆಗೆ ಸದ್ದಿಲ್ಲದೆ ಇಳಿಯಿತು. ಹೂವು ಮಾತ್ರ ಅಂಗೈಗೆ ಮೆತ್ತಿದ್ದ ಹಸಿ ವಿಭೂತಿಗೆ ಅಂಟಿಕೊಂಡು ಅಲ್ಲೇ ಉಳಿಯಿತು. ತಾಯಿಯ ತುಟಿ ಆಡುತ್ತಲೇ ಇತ್ತು. ನಮಃ ಶಿವಾಯದ ನಡುವೆ ಒಮ್ಮೊಮ್ಮೆ ವಿಂಕ್ರಿಸ್ಟಿನಮ್ಮನೂ ಬಂದು ಹೋಗುತ್ತಿದ್ದಳು.

"ಇವತ್ತು ಗೊತ್ತಾಗ್ತಿದೆ ಕಣೋ," ಅವರು ಕಣ್ಣು ತೆರೆಯದೆ ಪಿಸುಗುಟ್ಟಿದರು. "ಭಾರವಾಗಿ ಕೂತಿದೆ."

ಮಡಿಲಿನ ಲಿಂಗವನ್ನು ಎತ್ತಿ ಅಂಗೈಗೆ ಇಡಬೇಕು, ಅಷ್ಟೆ. ಪಂಚಾಕ್ಷರಪ್ಪ ಕೈ ಚಾಚಿದ. ಚಾಚಿದ ಕೈ ನಡುವೆಯೇ ನಿಂತಿತು. ಮೈಮೇಲೆ ಲಿಂಗವಿಲ್ಲದವನು ಅದನ್ನು ಮುಟ್ಟುವಂತಿರಲಿಲ್ಲ; ಅವನ ಕೊರಳಿನಲ್ಲಿ ಇದ್ದದ್ದು ಬರೀ ದಾರ. ಅದರ ತುದಿಯಲ್ಲಿರಬೇಕಾದ ಲಿಂಗ ಕಡೂರಿನ ಬಾಡಿಗೆ ಕೋಣೆಯ ಮೇಜಿನೊಳಗೆ, ಒತ್ತಿ ಒಣಗಿಸಿದ ಎಲೆಗಳ ಕೆಳಗೆ ಎಂದಿನಿಂದಲೋ ಬಿದ್ದಿತ್ತು.

"ಕಡೂರು, ಕಡೂರು," ಎಂದು ಯಾರೋ ಕೂಗಿದರು. ಜನ ನುಗ್ಗಿದರು. ಹೊಸದಾಗಿ ಹತ್ತಿದ ಹೆಂಗಸೊಬ್ಬಳು ಬುಟ್ಟಿ ಇಳಿಸಿ, ಮುದುಕಿಯ ಅಂಗೈಯ ಮೇಲೆ ನಡುಗುತ್ತಿದ್ದ ಗೋರಿ ಹೂವಿಗೆ ಭಕ್ತಿಯಿಂದ ಕೈಮುಗಿದಳು. ಆಮೇಲೆ, ಗಾಳಿಯಲ್ಲಿ ಚಾಚಿಕೊಂಡೇ ಇದ್ದ ಅವನ ಬರಿಗೈಯನ್ನು ಕಂಡು, ಪ್ರಸಾದಕ್ಕೆ ಕಾದಿರಬೇಕೆಂದು ತಾನೂ ಪಕ್ಕದಲ್ಲಿ ಕೈಯೊಡ್ಡಿ ಕೂತಳು.