ವಾಲ್ವಿನ ಹಿಡಿಕಿ

ನಾನು ಬೀಬೀಜಾನ, ವಿಜಯಪುರದಾಕಿ. ದಹಿಸರದ ಈ ಶೆಡ್ಡಿನ್ಯಾಗ ಬಣ್ಣದ ಮೀನಿನ ಮರಿ ಬೆಳಸೂದು ನನ್ನ ಕೆಲಸ. ದಿನಾ ಮುಂಜಾನೆ ಒಂದು ಗ್ಲಾಸ್ ನಳದ ನೀರಿಗೆ ಔಷಧದ ಹನಿ ಹಾಕಿ ನೋಡ್ತೀನಿ. ಹಳದಿ ಆತಂದ್ರ ಕ್ಲೋರಿನ್ ಐತಿ ಅಂತ ಅರ್ಥ; ಅದು ಮರಿಗೆ ವಿಷ. ಅಂಥಾ ನೀರು ಒಂದು ದಿನ ಡ್ರಮ್ಮಿನಾಗ ನಿಂತು ಕ್ಲೋರಿನ್ ಹಾರಿಹೋದ ಮ್ಯಾಲೇ ಮರಿಗೆ.

ನಿನ್ನೆ ಬಿಲ್ಡಿಂಗಿನವರು ನೀರಿನ ಟಾಕಿ ತೊಳದು ಬ್ಲೀಚಿಂಗ್ ಪೌಡರ್ ಸುರುವಿದ್ರು. ದಿನ ಪೂರ್ತಿ ನಳ ಬಂದ್, ಡ್ರಮ್ಮೆಲ್ಲಾ ಖಾಲಿ. ಇವತ್ತ ಹನಿ ಹಾಕಿದ್ದೇ ತಡ, ನೀರು ಅರಿಶಿಣ ಕಲಸಿದಂಗ ಆತು. ಅದನ್ನ ಡ್ರಮ್ಮಿಗೆ ತುಂಬಿಟ್ಟೆ.

ಅಷ್ಟರಾಗ ಮಾಲಕರು ಧನರಾಜ್ ಶೆಟ್ಟರು ಬಂದ್ರು.

"ಮಧ್ಯಾಹ್ನ ಮೀನು ಕೊಳ್ಳುವ ಪಾರ್ಟಿ ನೋಡ್ಲಿಕ್ಕೆ ಬರ್ತಾರೆ. ತೊಟ್ಟಿ ನೀರು ಮಬ್ಬಾಗಿದೆ. ನಳದ ನೀರು ಬಿಡು."

"ಬಿಡಂಗಿಲ್ರಿ."

"ಎಂತ ಮಾರಾಯ್ತಿ! ಇದೇ ನೀರು ನಾವೆಲ್ಲ ಕುಡಿಯುದಿಲ್ವಾ?"

"ನೀವು ಕುಡೀತೀರಿ ಶೆಟ್ಟರ. ಅವು ಇದರಾಗ ಉಸರಾಡ್ತಾವ."

ಅವರ ಮಾರಿ ಕೆಂಪಾತು. ತೊಟ್ಟಿಗೆ ನಳದ ನೀರು ಬಿಡೂ ವಾಲ್ವ್ ತಾವೇ ತಿರುವಾಕ ಹೋದ್ರು. ಹಿಡಿಕಿ ಅಲ್ಲಿರಲಿಲ್ಲ. ಹಳದಿ ಕಂಡ ಕೂಡ್ಲೇ ನಾನದನ್ನ ಬಿಚ್ಚಿ ಸೆರಗಿನಾಗ ಗಂಟು ಹಾಕ್ಕೊಂಡಿದ್ದೆ.

"ನಿನ್ನ ಕೆಲಸ ಹೋಗ್ತದೆ, ನೋಡು!"

ನಾನು ಸ್ಟೂಲ್ ಎಳಕೊಂಡು ವಾಲ್ವಿನ ಮುಂದ ಕುಂತೆ.

"ಹೋಗಲಿ. ಡ್ರಮ್ಮಿನ ನೀರು ನಾಳೆ ಮುಂಜಾನೆ ತಯಾರಾಗ್ತೈತಿ, ಅಲ್ಲೀತನಕ ಏಳಂಗಿಲ್ಲ. ಜೀವಂತ ಮರಿ ಎಲ್ಲಾ ಎಣಿಸಿಕೊಳ್ರಿ, ಆಮ್ಯಾಲ ನನ್ನ ತಗದುಹಾಕ್ರಿ."