ಒತಿಲಿಯಾಳ ಒಂದು ಪುಟ

ಮೆಕ್ಸಿಕೋ ನಗರದ ಯಾವ ಮನೆಯ ಟಿವಿ ಹಚ್ಚಿದರೂ ಒತಿಲಿಯಾ ಕಾಣುತ್ತಿದ್ದಳು. ಅವಳ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ತಟ್ಟೆ ಹಿಡಿದು ಬರುವವಳು, ಬಾಗಿಲು ತೆರೆಯುವವಳು, "ಊಟ ತಯಾರಾಗಿದೆ, ಸೆನ್ಯೋರಾ" ಎಂದು ಹೇಳಿ ಮರೆಯಾಗುವವಳು. ಅದಕ್ಕೂ ಮುಂಚೆ ಸಿನಿಮಾಗಳಲ್ಲಿ ನಾಯಕ ಕುದುರೆ ಹತ್ತಿ ಹೊರಡುವಾಗ ಹಿಂದೆಲ್ಲೋ ಕೂತು ಜೋಳದ ರೊಟ್ಟಿ ತಟ್ಟುತ್ತಿದ್ದಳು. ಇನ್ನೂ ಹಿಂದೆ, ಡೇರೆ ನಾಟಕಗಳ ಕಾಲದಲ್ಲಿ, ಇದೇ ಹೆಂಗಸು ರಾಣಿಯ ಪಾರ್ಟು ಮಾಡಿ, ಕುಡಿದು ಬಂದು ಗಲಾಟೆ ಮಾಡುವ ಗಂಡಸರನ್ನು ಒಂದೇ ನೋಟಕ್ಕೆ ತೆಪ್ಪಗಾಗಿಸುತ್ತಿದ್ದಳಂತೆ. ಡೇರೆಯಲ್ಲಿ ದೀಪ ಮಂಕಾಗಿತ್ತು, ಹಾಗಾಗಿ ನನ್ನ ಕಪ್ಪು ಬಣ್ಣ ಯಾರಿಗೂ ಅಡ್ಡ ಬರಲಿಲ್ಲ ಎಂದು ಅವಳೇ ನಗುತ್ತಿದ್ದಳು. ನನಗೆ ಆ ಮಾತಿಗೆ ಒಂದು ದಿನವೂ ನಗು ಬಂದಿಲ್ಲ.

ನಾನು ಮಾಗ್ದಾ. ಧಾರಾವಾಹಿಯ ಸ್ಟುಡಿಯೋದಲ್ಲಿ, ಮೇಲಿನ ಗಾಜಿನ ಗೂಡಿನಲ್ಲಿ ಕೂತು ನಟರಿಗೆ ಮಾತು ಎತ್ತಿಕೊಡುವುದು ನನ್ನ ಕೆಲಸವಾಗಿತ್ತು. ನಟರ ಕಿವಿಯೊಳಗೆ ಬಟಾಣಿಯಷ್ಟು ಸಣ್ಣ ಯಂತ್ರ ಇರುತ್ತದೆ. ಅದನ್ನು ನಾವೆಲ್ಲ ಬಟಾಣಿ ಎಂದೇ ಕರೆಯುವುದು. ನಾನು ಮೈಕಿನಲ್ಲಿ ಒಂದು ಸಾಲು ಪಿಸುಗುಟ್ಟಿದರೆ ಅವರು ಆ ಸಾಲು ಹೇಳುತ್ತಾರೆ. "ಅಳು" ಎಂದರೆ ಅಳುತ್ತಾರೆ. ದಿನಕ್ಕೊಂದು ಕಂತು ಮುಗಿಸುವಲ್ಲಿ ಬಾಯಿಪಾಠ ಮಾಡಲು ಯಾರಿಗೆ ಪುರುಸೊತ್ತು? ಯಜಮಾನಿಯ ಪಾತ್ರ ಮಾಡುತ್ತಿದ್ದ ತಾರೆ ರೆಬೆಕಾ ಲಾಂದಾಸುರಿಯಂತೂ ತನ್ನ ಪಾತ್ರದ ಹೆಸರನ್ನೂ ನನ್ನಿಂದ ಕೇಳಿಯೇ ಹೇಳುತ್ತಿದ್ದಳು.

ಒತಿಲಿಯಾ ಮಾತ್ರ ಬಟಾಣಿ ಹಾಕಿಕೊಳ್ಳುತ್ತಿರಲಿಲ್ಲ.

"ಕಿವೀಲಿ ಬಟಾಣಿ ಬಿತ್ತಿದ್ರೆ ಮೊಳಕೆ ಒಡೆಯುತ್ತೆ ಕಣೇ ಮಾಗ್ದಾ," ಎನ್ನುತ್ತಿದ್ದಳು. "ಆಮೇಲೆ ತಲೇಲಿ ಬೇರೇನೂ ಬೆಳೆಯಲ್ಲ. ರೆಬೆಕಾನ್ನ ನೋಡು."

ಆ ಧಾರಾವಾಹಿಯಲ್ಲಿ ಅವಳು ಅಡುಗೆಯವಳು ಹಸಿಂತಾ. ಜನರ ಕುತೂಹಲ ಕೆರಳಿಸಬೇಕೆಂದು ನಿರ್ಮಾಪಕ ಅರಿಸ್ಮೆಂದಿ ಕೊನೆಯಲ್ಲೊಂದು ತಿರುವು ಬರೆಸಿದ್ದ: ದೊಡ್ಡಮನೆಯ ಚಿನ್ನದ ಕೂದಲಿನ ಹುಡುಗ ಯಜಮಾನಿಯ ಮಗನಲ್ಲ, ಅಡುಗೆಯವಳ ಮಗ. ಅದನ್ನು ಊಟದ ಮೇಜಿನ ಮುಂದೆ ಹಸಿಂತಾ ತನ್ನ ಬಾಯಿಂದಲೇ ಹೇಳಬೇಕು. ಇಡೀ ಒಂದು ಪುಟದ ಮಾತು!

"ಅಯ್ಯೋ, ಅವನಪ್ಪ ಅದೆಷ್ಟು ಬಿಳಿ ಇದ್ದಿರ್ಬೇಕು!" ಎಂದು ಒತಿಲಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕ ಮೇಲೆ ಆ ಹಾಳೆಯನ್ನು ಮಡಿಲ ಮಗುವಿನಂತೆ ಕಾಪಾಡಿದಳು. ಅವರೆ ಬೇಯಿಸುತ್ತ ಓದಿದಳು, ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತ ಓದಿದಳು. ತನ್ನ ವಠಾರದ ಪ್ರತಿಯೊಬ್ಬರಿಗೂ ತೋರಿಸಿ ಬಂದಳು. ಸಾಯುವುದರೊಳಗೆ ಒಂದು ಸಲ, ತನ್ನ ಮುಖ ಪರದೆ ತುಂಬ ಇರುವಾಗ, ಆ ಮುಖದಿಂದ ಒಂದು ಪೂರ್ತಿ ಮಾತು ಬರಬೇಕು. ಅವಳು ಕೇಳಿದ್ದು ಅಷ್ಟೇ.

ಚಿತ್ರೀಕರಣದ ದಿನ ಅರಿಸ್ಮೆಂದಿ ನನ್ನ ಗೂಡಿಗೆ ಬಂದ.

"ಮಾಗ್ದಾ, ಆ ಅಡುಗೆಯವಳ ಪುಟಾನ ರೆಬೆಕಾ ಕಿವಿಗೆ ಕೊಡು. 'ನಾನು' ಅಂತ ಇರೋ ಕಡೆಯೆಲ್ಲ 'ಇವಳು' ಅಂತ ಮಾಡ್ಕೊ."

"ಮತ್ತೆ ಒತಿಲಿಯಾ?"

"ತಟ್ಟೆ ಹಿಡ್ಕೊಂಡು ಅಳ್ತಾಳೆ. ಆ ಮುಖಾನ ಅಷ್ಟು ಹೊತ್ತು ಪರದೆ ತುಂಬ ಇಟ್ರೆ ಜನ ಚಾನೆಲ್ ಬದಲಾಯಿಸ್ತಾರೆ."

"ಅವಳೇ ತಾಯಿ ಅಂತ ಬರೆಸಿದ್ದು ನೀವಲ್ವಾ ಸ್ವಾಮಿ?"

"ತಾಯಿ ಆಗಿರ್ಲಿ ಬಿಡಮ್ಮ, ಬೇಡ ಅಂದೋರ್ಯಾರು? ಅದಕ್ಕೆ ಮುಖ ಯಾಕೆ?"

"ಅವಳಿಗೆ ಹೇಳಿದ್ದೀರಾ?"

"ಹೇಳೋಕೇನಿದೆ? ನಿಂತ್ಕೊಳ್ಳೋದನ್ನ ಅವಳಿಗೆ ಯಾರಾದ್ರೂ ಹೇಳಿಕೊಡ್ಬೇಕಾ?"

ನನ್ನ ಮೈಯೆಲ್ಲ ಉರಿದುಹೋಯಿತು. ಗಾಜಿನ ಕೆಳಗೆ ಒತಿಲಿಯಾ ತಟ್ಟೆಯೊಂದಿಗೆ ತನ್ನ ಜಾಗದಲ್ಲಿ ನಿಂತಿದ್ದಳು. ಕೂದಲಿಗೆ ಎಣ್ಣೆ ಹಚ್ಚಿ, ಜಡೆ ಬಿಗಿದು, ಮದುವೆಗೆ ಹೊರಟವರ ಹಾಗೆ. ತುಟಿ ಇನ್ನೂ ಅಲ್ಲಾಡುತ್ತಿತ್ತು. ಇಂಥವಳಿಗೆ ಒಂದು ಮಾತು ಹೇಳುವ ಸೌಜನ್ಯವೂ ಈ ಜನಕ್ಕಿಲ್ಲ. ತಟ್ಟೆಗೆ ಯಾರಾದರೂ ಹೇಳುತ್ತಾರೆಯೇ, ಇವತ್ತು ನಿನ್ನ ಮೇಲೆ ಊಟವಿಲ್ಲ ಎಂದು?

ಕ್ಯಾಮರಾ ಓಡತೊಡಗಿತು. ರೆಬೆಕಾಳ ಸ್ವಂತ ಸಾಲನ್ನು ಅವಳ ಕಿವಿಗೆ ಹೇಳಿದೆ. "ಈ ಹುಡುಗ ನನ್ನ ಹೊಟ್ಟೇಲಿ ಹುಟ್ಟಿದವನಲ್ಲ," ಎಂದಳು ರೆಬೆಕಾ. ಹೇಳಿ ಮುಂದಿನ ಸಾಲಿಗೆ ಕಾದಳು.

ನಾನು ಮೈಕಿನ ಮೇಲೆ ಅಂಗೈ ಇಟ್ಟೆ.

ರೆಬೆಕಾ ಕಣ್ಣು ಮೇಲೆತ್ತಿ ನನ್ನ ಗೂಡಿನ ಕಡೆ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. "ಹೇಳೇ! ಏನ್ ದೆವ್ವ ಬಡೀತೇ ನಿಂಗೆ?" ಎಂದು ಅರಿಸ್ಮೆಂದಿ ನನ್ನ ಬೆನ್ನ ಹಿಂದೆ ಹಲ್ಲು ಕಡಿಯುತ್ತಿದ್ದ. ಕೆಳಗೆ ನಿಂತಿದ್ದ ಒತಿಲಿಯಾಳಿಗೆ ಇದೊಂದೂ ತಿಳಿಯದು. ಯಜಮಾನಿಯ ಸಾಲು ಮುಗಿಯಿತು, ಇನ್ನು ತನ್ನ ಸರದಿ, ಅವಳಿಗೆ ಗೊತ್ತಿದ್ದದ್ದು ಅಷ್ಟೇ. ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಇವನು ಹುಟ್ಟಿದಾಗಿಂದ ಈ ಮೇಜಿಗೆ ನಾನೇ ಬಡಿಸಿದ್ದೇನೆ," ಎಂದಳು. "ನನ್ನ ಮಗನ ತಟ್ಟೆಗೆ ಬಡಿಸುವಾಗ ಕೈ ನಡುಗದ ಹಾಗೆ ನೋಡಿಕೊಂಡೆ. ಜ್ವರ ಬಂದಾಗ ಅವನು ಅಮ್ಮಾ ಎಂದು ಕೂಗುತ್ತಿದ್ದ. ನಾನು ಬಾಗಿಲ ಹೊರಗೆ ನಿಂತು, ಬರುತ್ತಾರೆ ಮಗು, ಬರುತ್ತಾರೆ ಎನ್ನುತ್ತಿದ್ದೆ."

ಪುಟದ ಕೊನೆಯ ಸಾಲಿನವರೆಗೂ ಎಲ್ಲೂ ತಡವರಿಸದೆ ಹೇಳಿದಳು. ರೆಬೆಕಾ ನಿಜವಾಗಿಯೂ ಅತ್ತಳು. ನಾನು "ಅಳು" ಎಂದಿರಲಿಲ್ಲ. ಮುಗಿದ ಮೇಲೆ ದೀಪದವರು, ಬಡಗಿಗಳು, ಕಾಫಿ ಕೊಡುವವನು ಎಲ್ಲರೂ ಚಪ್ಪಾಳೆ ತಟ್ಟಿದರು. ಅರಿಸ್ಮೆಂದಿ ಕೆಳಗಿಳಿದು ಹೋಗಿ ಒತಿಲಿಯಾಳನ್ನು ತಬ್ಬಿಕೊಂಡು ಹಲ್ಲು ಕಿರಿದ. ಮರುದಿನ ನನ್ನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಹೋಗಲಿ, ಅವಳ ಪುಟ ಅವಳಿಗೆ ಉಳಿಯಿತಲ್ಲ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ಆ ಕಂತು ಬರುವ ಸಂಜೆ ಒತಿಲಿಯಾಳ ಇಡೀ ವಠಾರ ಅಂಗಳದಲ್ಲಿ ನೆರೆದಿತ್ತು, ನಾನೂ ಹೋಗಿದ್ದೆ. ಟಿವಿಯನ್ನು ಹೊರಗೆ ತಂದು ಸ್ಟೂಲಿನ ಮೇಲಿಟ್ಟಿದ್ದರು. ಪಕ್ಕದ ಮನೆಯ ಪೆತ್ರಾ ಎಲೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಹಂಚುತ್ತ, "ಶ್, ಸುಮ್ನಿರ್ರೋ, ನಮ್ಮ ಒತಿಲಿಯಾ ಬರ್ತಾಳೆ ಈಗ!" ಎಂದು ಎಲ್ಲರನ್ನೂ ಗದರುತ್ತಿದ್ದಳು. ಒತಿಲಿಯಾ ಮುಂದಿನ ಕುರ್ಚಿಯಲ್ಲಿ ಅದೇ ಬಿಗಿದ ಜಡೆಯೊಂದಿಗೆ ಕೂತಿದ್ದಳು.

ಊಟದ ಮೇಜು ಬಂತು. ರೆಬೆಕಾಳ ಸಾಲು ಬಂತು. ತಟ್ಟೆ ಇಡುವ ಎರಡು ಕಪ್ಪು ಕೈ ಬಂತು. ಆಮೇಲೆ ಒತಿಲಿಯಾಳ ದನಿ ಶುರುವಾಯಿತು, ಪರದೆಯ ಮೇಲೆ ರೆಬೆಕಾಳ ಮುಖ. ಈಗ ತಿರುಗುತ್ತದೆ, ಈಗ ತಿರುಗುತ್ತದೆ ಎಂದು ಕಾದೆ. ತಿರುಗಲಿಲ್ಲ. ಬಿಳಿ ಕೆನ್ನೆಯ ಮೇಲೆ ನೀರು ಇಳಿಯುವುದನ್ನೇ ತೋರಿಸಿದರು. ಮಾತು ಕದಿಯಲು ಆಗದಿದ್ದಾಗ ಮುಖ ಅಳಿಸಿದ್ದರು, ಕಳ್ಳರು! ಹಡೆದವಳು ಮಾತಾಡುತ್ತಿದ್ದಾಳೆ, ಹಡೆಯದವಳ ಮೂಗಿನ ತುದಿ ಕೆಂಪಾಗುವುದನ್ನು ದೇಶ ನೋಡಬೇಕು.

"ಎಲ್ಲೇ ನೀನು?" ಎಂದಳು ಪೆತ್ರಾ. "ಒತಿಲಿಯಾ, ಎಲ್ಲಿದ್ದೀಯೇ?"

ಒತಿಲಿಯಾ ಎದ್ದಳು. ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ನೇರ ಟಿವಿಯ ಹತ್ತಿರ ಹೋಗಿ, ಅದಕ್ಕೆ ಬೆನ್ನು ಕೊಟ್ಟು, ಪರದೆ ಪೂರ್ತಿ ಮುಚ್ಚುವ ಹಾಗೆ ನಮ್ಮ ಕಡೆ ತಿರುಗಿ ನಿಂತಳು.

"ಅಜ್ಜೀ, ಜರುಗು, ಕಾಣ್ತಿಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಅವಳು ಜರುಗಲಿಲ್ಲ. ಬೆನ್ನ ಹಿಂದಿನಿಂದ ಅವಳದೇ ದನಿ ಬರುತ್ತಿತ್ತು, ಆ ದನಿಗೆ ಅವಳು ತುಟಿ ಕೂಡಿಸಿದಳು. ಒಂದಕ್ಷರ ಹಿಂದೆ ಬೀಳಲಿಲ್ಲ, ಮುಂದೆ ಓಡಲಿಲ್ಲ. ಬಾಗಿಲ ಹೊರಗೆ ನಿಂತ ತಾಯಿ ಅವಳ ಹಣೆಯಲ್ಲಿ, ಕೆನ್ನೆಯಲ್ಲಿ, ನಡುಗದ ಕೈಯಲ್ಲಿ ಬಂದು ನಿಂತಳು. ಪೆತ್ರಾಳ ಕೈಯಲ್ಲಿದ್ದ ತಮಾಲೆ ಅಲ್ಲೇ ಆರಿಹೋಯಿತು. ಪುಟ ಮುಗಿದ ಮೇಲೂ ಒತಿಲಿಯಾ ಅಲ್ಲಿಯೇ ನಿಂತಿದ್ದಳು, ಕತ್ತು ನೆಟ್ಟಗೆ.

ಅವಳ ಬೆನ್ನ ಹಿಂದೆ ರೆಬೆಕಾ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸುತ್ತಿತ್ತು. ಆ ಅಂಗಳದಲ್ಲಿ ಅದನ್ನು ಯಾರೂ ನೋಡಲಿಲ್ಲ.