ಮೇಣದ ಮುದುಕನ ಮನೆ

ಗಂಟೆಗೋಪುರಕ್ಕೆ ಆತುಕೊಂಡ ಒಂದೇ ಕೋಣೆ. ಕಿಟಕಿಗೆ ಗಾಜಿಲ್ಲ, ರಟ್ಟು. ಒಲೆಯ ಹೊಗೆಗೆ ಬಾಗಿಲೇ ಗತಿ. ಮಳೆ ಬಂದರೆ ಮಂಚವನ್ನು ಮೂಲೆಯಿಂದ ಮೂಲೆಗೆ ಎಳೆಯಬೇಕು. ತಲೆಮಾರುಗಳಿಂದ ಅಲ್ಲಿ ಗಂಟೆ ಹೊಡೆಯುವವರ ಸಂಸಾರ. ಈಗ ಉಳಿದವರು ಗಂಟೆಯಜ್ಜಿ, ಗಂಡ ಸತ್ತ ಸೊಸೆ, ಪುಟ್ಟ ಮೊಮ್ಮಗಳು.

ಆ ಗಂಟೆ ದೇಶದ ಸ್ವಾತಂತ್ರ್ಯದ ಗುರುತು. ನಾಣ್ಯದ ಮೇಲೆ ಅದೇ, ಅಂಚೆಚೀಟಿಯ ಮೇಲೆ ಅದೇ, ಮಂತ್ರಿಗಳ ಕಾರಿನ ಮೇಲೂ ಅದೇ. ಅದರ ಬುಡದಲ್ಲಿ ಮಲಗುವವರು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಒಂದು ದಿನ ಬಿದ್ದರು. ಮ್ಯೂಸಿಯಂ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಂದರು.

"ಅಜ್ಜಿ, ನಿಮ್ಮ ಮಾವ ಸ್ವಾತಂತ್ರ್ಯದ ಗಂಟೆ ಬಾರಿಸಿದ ಮಹಾನುಭಾವರು. ಅವರ ಬಡತನಾನ ಜನ ನೋಡ್ಬೇಕು. ಈ ಕೋಣೇಲಿ ಅವರ ಮೇಣದ ಗೊಂಬೆ ಇಡ್ತೀವಿ."

"ಅವತ್ತು ನಮ್ಮ ಮಾವ ಗಂಟೆ ಬಾರಿಸ್ಲೇ ಇಲ್ಲ ಸ್ವಾಮಿ," ಎಂದಳು ಅಜ್ಜಿ. "ದೊರೆಗಳ ಕಾರ್ಖಾನೆಗೆ ಜನರನ್ನ ಎಬ್ಬಿಸೋ ಗಂಟೆ ಅದು. ಅವತ್ತು ಹಗ್ಗ ಮುಟ್ಟಲ್ಲ ಅಂತ ಕೂತ್ಬಿಟ್ರು. ಒಬ್ಬನೂ ಕೆಲಸಕ್ಕೆ ಹೋಗ್ಲಿಲ್ಲ. ಎಲ್ಲ ಶುರುವಾಗಿದ್ದೇ ಅಲ್ಲಿಂದ. ಅದಕ್ಕೇ ಅವರ ಬೆನ್ನು ಮುರಿದ್ರು."

"ಬಾರಿಸದ ಗಂಟೆ ನೋಡೋಕೆ ಯಾರಮ್ಮ ಟಿಕೆಟ್ ತಗೋತಾರೆ?" ಸಾಹೇಬರು ನಕ್ಕರು. "ಜಾಗ ಖಾಲಿ ಮಾಡಿ. ಉದ್ಘಾಟನೆ ಸಮಾರಂಭಕ್ಕೆ ಮುಂಚೇನೇ ಹೊಸ ಮನೆ ಕೊಡ್ತೀವಿ. ಮಂಚ, ಪಾತ್ರೆ ಇಲ್ಲೇ ಇರ್ಲಿ. ಚೆನ್ನಾಗಿ ಹಳೇದಾಗಿವೆ."

ಸರ್ಕಾರ ಮೂಗಿಗೆ ತುಪ್ಪ ಸವರುವುದು ಅಜ್ಜಿಗೆ ಹೊಸದಲ್ಲ. ಆದರೂ ಮೊಮ್ಮಗಳ ಮುಖ ನೋಡಿ ನಂಬಿದಳು.

ಹೊಸ ಮನೆ ಬರಲಿಲ್ಲ. ಸಂಸಾರ ಹಿಂದಿನ ಗಲ್ಲಿಗೆ, ನಾವು ತಳ್ಳುಗಾಡಿಯವರು ಗಾಡಿ ನಿಲ್ಲಿಸುವ ಜಾಗದ ಪಕ್ಕಕ್ಕೆ, ಒಂದು ಪ್ಲಾಸ್ಟಿಕ್ ಹಾಳೆಯ ಕೆಳಗೆ ಬಂದು ಬಿತ್ತು. ಕೋಣೆಗೆ ಮಾತ್ರ ಯೋಗ ಕೂಡಿಬಂತು. ಕಿಟಕಿಗೆ ಗಾಜು, ಮೇಲೆ ಹೊಸ ಹೆಂಚು, ಮೇಣ ಕರಗದಿರಲೆಂದು ಎ.ಸಿ. ಬೇರೆ! ಮನುಷ್ಯರು ಗೋಗರೆದರೂ ಸಿಗದ್ದು ಗೊಂಬೆಗೆ ಕೇಳದೆ ಸಿಕ್ಕಿತು. ಗೊಂಬೆಯ ಕೈಯಲ್ಲಿ ಹಗ್ಗ, ಮುಖದ ತುಂಬ ನಗು, ಬೆನ್ನು ನೆಟ್ಟಗೆ. ಥೂ, ಇವರ ಇತಿಹಾಸಕ್ಕಿಷ್ಟು!

ಮನೆ ಕೇಳಲು ಹೋದ ಸೊಸೆಗೆ ಸಾಹೇಬರು ದೊಡ್ಡ ಮನಸ್ಸು ಮಾಡಿ ಕೆಲಸ ಕೊಟ್ಟರು. ಗೊಂಬೆಯ ಧೂಳು ಒರೆಸುವ ಕೆಲಸ. ಕೋಣೆಯ ಕೀಲಿಕೈಯನ್ನೂ ಅವಳ ಕೈಗೇ ಕೊಟ್ಟರು. ಬಡವರಿಗೆ ಬುದ್ಧಿ ಇರುವುದಿಲ್ಲ ಎಂಬ ಧೈರ್ಯ ಅವರಿಗೆ.

ಸಮಾರಂಭದ ಬೆಳಿಗ್ಗೆ ಸೊಸೆ ನಮ್ಮನ್ನು ಕರೆದಳು. ನಾವು ಗಾಡಿಯವರು ಗೊಂಬೆಯನ್ನು ಹೊತ್ತು ತಂದು ಪ್ಲಾಸ್ಟಿಕ್ ಹಾಳೆಯ ಕೆಳಗೆ ಮಲಗಿಸಿದೆವು.

ಮಂತ್ರಿಗಳು ಬಂದು ಪರದೆ ಎಳೆದರು. ಮಂಚದ ಮೇಲೆ ಅಜ್ಜಿ, ಒಲೆಯ ಮುಂದೆ ಸೊಸೆ, ಅವಳ ಮಡಿಲಲ್ಲಿ ಮಗು.

"ಅಬ್ಬಾ! ಒಳ್ಳೇ ಜೀವ ಇರೋ ಹಾಗೇ ಇವೆಯಲ್ರೀ!" ಮಂತ್ರಿಗಳು ಚಪ್ಪಾಳೆ ತಟ್ಟಿದರು. ಹಿಂದಿದ್ದ ಹೊಗಳುಭಟ್ಟರೂ ತಟ್ಟಿದರು.

"ಜೀವ ಇದೆ ಸ್ವಾಮಿ," ಎಂದಳು ಅಜ್ಜಿ. "ಇಲ್ಲದೇ ಇದ್ದಿದ್ರೆ ನಮ್ಗೂ ಮನೆ ಸಿಗ್ತಿತ್ತು."

ಚಪ್ಪಾಳೆ ನಿಂತಿತು. "ಎಳೆದು ಹಾಕ್ರೀ ಇವರನ್ನ!" ಸಾಹೇಬರು ಕಿರುಚಿದರು. ಪೊಲೀಸರು ಮುಂದೆ ಬಂದರು. ಅಷ್ಟರಲ್ಲಿ ನಾವು ಗಾಡಿಯವರು, ಕಸ ಗುಡಿಸುವವರು, ಬಟ್ಟೆ ಒಗೆಯುವವರು ಎಲ್ಲರೂ ಹೊಸ್ತಿಲು ತುಂಬಿ ಕೂತಾಗಿತ್ತು. ಒಬ್ಬರೂ ಏಳಲಿಲ್ಲ.

ಅಜ್ಜಿ ಮಂಚದಿಂದ ಇಳಿಯಲೂ ಇಲ್ಲ.

"ನಮ್ಮ ಚಿಂತೆ ಬಿಡಿ ಸಾಹೇಬ್ರೇ. ನಿಮ್ಮ ಗೊಂಬೆ ಗಲ್ಲೀಲಿದೆ, ಬಿಸಿಲು ಏರ್ತಾ ಇದೆ. ಬೇಗ ಓಡಿ, ಅದಕ್ಕೊಂದು ಮನೆ ನೋಡಿ."